ಎಪ್ಪತ್ತೈದು ಕಿಲೋದ ನಾನು, ಸ್ಟಾರ್ಟ್ ಆಗದ ನನ್ನ ಗಾಡಿ

ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಮೊದಲು ಇರುವ ಗುಂಡಿಗಳನ್ನೆಲ್ಲ ಒತ್ತುತ್ತಾರೆ, ಆಮೇಲೆ ಬಾಗಿಲು ಬಡಿಯುತ್ತಾರೆ, ಕೊನೆಗೆ ನನಗೆ ಫೋನ್ ಮಾಡುತ್ತಾರೆ. ನಾನು ಬಹಳ ಗಂಭೀರವಾದ ದನಿಯಲ್ಲಿ, "ಗಾಬರಿಯಾಗಬೇಡಿ, ಹೊರಟೆ" ಅನ್ನುತ್ತೇನೆ. ಹೊರಟಿದ್ದು ಸುಳ್ಳಲ್ಲ. ಮನೆ ಬಾಗಿಲಿನಿಂದ ಹೊರಟು ಗಾಡಿಯ ತನಕ ಬಂದಿರುತ್ತೇನೆ. ಅಲ್ಲಿಂದ ಮುಂದಕ್ಕೆ ಗಾಡಿಯ ಮರ್ಜಿ. ಇಡೀ ಊರನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸುವ ಲಿಫ್ಟ್ ಮೆಕ್ಯಾನಿಕ್ಕಿಗೆ ತನ್ನ ಮೋಟಾರ್ ಸೈಕಲ್ಲನ್ನು ಗೇಟಿನಿಂದಾಚೆ ದಾಟಿಸಲು ಆಗುತ್ತಿರಲಿಲ್ಲ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಬೀದಿಯವರು ನಿಮಗಿಂತ ಮೊದಲೇ ಶುರು ಮಾಡಿದ್ದಾರೆ.

ಕೆಟ್ಟ ಯಂತ್ರ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಹೀಗಾಗಿ ನನ್ನ ಗಾಡಿಗೆ ಬೇರೆಯವರು ಕೈ ಹಾಕುವುದು ನನಗೆ ಅವಮಾನ. ಆ ಗಾಡಿಯಲ್ಲಿ ನನ್ನದೇ ಒಂದು ಆವಿಷ್ಕಾರ ಬೇರೆ ಇತ್ತು. ಎರಡು ವರ್ಷದ ಹಿಂದೆ ಬೀದಿಯಲ್ಲಿ ಗಾಡಿಗಳು ಕಳುವಾಗತೊಡಗಿದಾಗ ನನ್ನ ತಲೆ ಓಡಿತು. ಓಡಬಾರದಾಗಿತ್ತು. ಲಿಫ್ಟಿನ ನೆಲದಡಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಜನ ಜಾಸ್ತಿಯಾದರೆ ಅದು ಒತ್ತಿಕೊಂಡು ಗಂಟೆ ಬಾರಿಸುತ್ತದೆ, ಲಿಫ್ಟ್ ಕದಲುವುದಿಲ್ಲ. ನಾನು ಇದನ್ನೇ ತಿರುಗಾಮುರುಗಾ ಮಾಡಿದೆ. ಗುಜರಿಗೆ ಹೋಗಬೇಕಿದ್ದ ಅಂಥದೊಂದು ಸ್ವಿಚ್ಚನ್ನು ತಂದು, ಗಟ್ಟಿ ಸ್ಪ್ರಿಂಗ್ ಹಾಕಿ, ಗಾಡಿಯ ಸೀಟಿನ ಕೆಳಗೆ ಕೂರಿಸಿದೆ. ನನ್ನಷ್ಟು ತೂಕದವರು ಕೂತರೆ ಸ್ವಿಚ್ ಒತ್ತಿಕೊಂಡು ಪ್ಲಗ್ಗಿಗೆ ಕರೆಂಟ್ ಹೋಗುತ್ತದೆ. ಅದಕ್ಕಿಂತ ಹಗುರದವರು ಕೂತು ಗುಂಡಿ ಒತ್ತಿದರೆ ಎಂಜಿನ್ ಗುರ್‌ಗುರ್ ಅನ್ನುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಕಳ್ಳರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ, ಗೋಡೆ ಹಾರಬೇಕಲ್ಲ, ಎಂಬುದು ನನ್ನ ಸಂಶೋಧನೆ.

ಕಳ್ಳನಿಗೆ ಗೊತ್ತಾಗಬಾರದ ಈ ಗುಟ್ಟನ್ನು ಬೀದಿಯವರನ್ನೆಲ್ಲ ಕರೆದು ಕೂರಿಸಿ ಇಳಿಸಿ ತೋರಿಸಿದೆ. ನನ್ನ ಹೆಂಡತಿ ಎಲ್ಲ ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ದಪ್ಪ ಕಳ್ಳ ಬಂದ್ರೆ ಏನ್ ಮಾಡ್ತೀರಿ?"

"ದಪ್ಪ ಕಳ್ಳ ಓಡೋಕಾಗಲ್ಲ ಕಣೆ, ಹಿಡೀಬಹುದು" ಅಂದೆ.

ಅಂಥ ಗಾಡಿ ಈ ವರ್ಷ ಇದ್ದಕ್ಕಿದ್ದಂತೆ ಕೈಕೊಡಲು ಶುರು ಮಾಡಿತು. ಒಂದು ದಿನ ಮುಟ್ಟಿದರೆ ಸಾಕು ಸ್ಟಾರ್ಟ್, ಮರುದಿನ ಎಷ್ಟು ಒತ್ತಿದರೂ ಬರೀ ಗುರ್‌ಗುರ್. ರಸ್ತೆಯ ಉಬ್ಬು ಹತ್ತಿಸಿದರೆ ನಡುವೆಯೇ ಬಿಕ್ಕಳಿಸುವುದು. ನಾನು ಪ್ಲಗ್ ಬದಲಿಸಿದೆ. ಟ್ಯಾಂಕ್ ತೊಳೆದೆ. ಕಾರ್ಬುರೇಟರ್ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ತಿರುಗಿ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು. ತಯಾರಿಸಿದವರು ಒಂದು ಹೆಚ್ಚಿಗೆ ಹಾಕಿರಬೇಕು ಎಂದುಕೊಂಡು ಅದನ್ನು ಜೇಬಿಗೆ ಹಾಕಿಕೊಂಡೆ. ಸೀಟಿನ ಕೆಳಗಿನ ಸ್ವಿಚ್ಚನ್ನೂ ಬಿಡಲಿಲ್ಲ, ಸ್ಪ್ರಿಂಗ್ ಬಿಚ್ಚಿಟ್ಟು, ಮೀಟರ್ ಹಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಮೀಟರ್ ಕುಂಯ್ ಅಂದಿತು. ಸ್ವಿಚ್ ಸರಿಯಾಗಿದೆ. ಇರಲೇಬೇಕಲ್ಲ, ಹಾಕಿದವನು ನಾನು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ರಿಪೇರಿಯ ಮಾತು ನಡೆದಿತ್ತು. ನನ್ನ ಹೆಂಡತಿಗೆ ಬೀದಿಯ ಮೂಲೆಯಲ್ಲಿ ಬಟ್ಟೆ ಆಲ್ಟರೇಷನ್ನಿನ ಪುಟ್ಟ ಅಂಗಡಿಯಿದೆ. ಜನ ಉಬ್ಬಿದರೆ ಬಿಚ್ಚಿ ಹೊಲಿಯುತ್ತಾಳೆ, ಇಳಿದರೆ ಹಿಡಿದು ಹೊಲಿಯುತ್ತಾಳೆ. ಒಂದು ಸಂಜೆ ನನ್ನ ಪ್ಯಾಂಟು ಹಿಡಿದುಕೊಂಡು ಬಂದು ನಿಂತಳು.

"ರೀ, ಇದರ ಸೊಂಟ ಹೋದ ತಿಂಗಳಷ್ಟೇ ಹಿಡಿದಿದ್ದೆ. ಈಗ ಮತ್ತೆ ಜಾರ್ತಿದೆ."

"ಬಟ್ಟೆ ಹಿಗ್ಗಿರ್ಬೇಕು."

"ಒಗೆದ ಬಟ್ಟೆ ಕುಗ್ಗುತ್ತೆ, ಹಿಗ್ಗಲ್ಲ."

"ಈಗಿನ ಬಟ್ಟೆನೇ ಹಾಗೆ."

ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದವಳಿಗೆ ಬಟ್ಟೆಯ ಪಾಠ ಹೇಳಿದವನು ನಾನು. ಅವಳು ಪ್ಯಾಂಟನ್ನು ಮಡಚಿ ಕುರ್ಚಿಯ ಮೇಲಿಟ್ಟು ಎದುರಿಗೆ ಕೂತಳು. "ಚೊಂಬುಗಟ್ಲೆ ನೀರು ಕುಡೀತೀರಿ. ರಾತ್ರಿ ಎಷ್ಟ್ ಸಲ ಏಳ್ತೀರಿ ಅಂತ ನನಗ್ ಗೊತ್ತು. ಕೆನ್ನೆ ಒಳಗೆ ಹೋಗಿದೆ. ಇದು ಶುಗರ್ ರೀ. ಭಾವನಿಗೂ ಹೀಗೇ ಶುರುವಾಗಿದ್ದು."

ಭಾವ ಅಂದರೆ ನನ್ನ ಅಣ್ಣ. ಅಣ್ಣನ ಅಂಗಾಲಿನಲ್ಲಿ ಒಂದು ಸಣ್ಣ ಗಾಯವಾಗಿತ್ತು. ನೋವೇ ಇಲ್ಲ, ನೋವಿಲ್ಲದ ಗಾಯಕ್ಕೆ ಡಾಕ್ಟರ್ ಯಾಕೆ ಎಂದು ಅವನು ನಗುತ್ತಿದ್ದ. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅದಾದ ಮೇಲೆ ಬಹಳ ದಿನ ಅಣ್ಣ ಇರಲಿಲ್ಲ. ಆಸ್ಪತ್ರೆಯಲ್ಲಿ ಅವನ ಇಲ್ಲದ ಕಾಲಿನ ಚಪ್ಪಲಿಯನ್ನು ಏನು ಮಾಡಬೇಕೆಂದು ತಿಳಿಯದೆ ಅತ್ತಿಗೆ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಕಂಡವನಿಗೆ ಬುದ್ಧಿ ಬರಬೇಕು ತಾನೇ? ನನಗೆ ಬಂದದ್ದು ಮಾತು.

"ಗಾಡಿ ಒಂದು ಸರಿ ಹೋಗ್ಲಿ. ಅವತ್ತೇ ಡಾಕ್ಟರ್ ಹತ್ರ ಹೋಗ್ತೀನಿ."

"ಕ್ಲಿನಿಕ್ಕಿಗೆ ನಡ್ಕೊಂಡೇ ಹೋಗ್ಬಹುದು."

"ನಡ್ಕೊಂಡು ಹೋದ್ರೆ ಶುಗರ್ ಇಳಿದಿರುತ್ತೆ ಕಣೆ. ಸರಿಯಾದ ರೀಡಿಂಗ್ ಬರಲ್ಲ."

"ಮಾತು ಕೊಟ್ಟಿದ್ದೀರಿ. ಗಾಡಿ ಸರಿ ಹೋದ ದಿನ" ಅಂದಳು. ನಾನು ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದೆ.

ಆದ್ದರಿಂದ ಗಾಡಿ ಸರಿಯಾಗುವುದರಲ್ಲಿ ಈಗ ಅವಳಿಗೆ ನನಗಿಂತ ಹೆಚ್ಚು ಅವಸರ. ಅವಳೇ ಹಟ ಹಿಡಿದು ನನ್ನನ್ನು ಗಾಡಿ ಸಮೇತ ಪೈಲ್ವಾನನ ಗ್ಯಾರೇಜಿಗೆ ಅಟ್ಟಿದಳು. ಪೈಲ್ವಾನ ಅಂದರೆ ನಮ್ಮ ಕಡೆಯ ಬೈಕ್ ಮೆಕ್ಯಾನಿಕ್. ಕುಸ್ತಿ ಆಡಿದವನಲ್ಲ, ಮೈ ನೋಡಿ ಜನ ಇಟ್ಟ ಹೆಸರು. ಗಾಡಿಯನ್ನು ಬೆವರು ಸುರಿಸಿ ತಳ್ಳಿಕೊಂಡು ಹೋದೆ. ಅವನು ಎಣ್ಣೆ ಕೈಯನ್ನು ಒರೆಸಿಕೊಂಡು ಬಂದು, ಸೀಟಿನ ಮೇಲೆ ಕೂತು, ಗುಂಡಿ ಮುಟ್ಟಿದ. ಗಾಡಿ ಹತ್ತಿಕೊಂಡಿತು.

"ಏನ್ ಸಾರ್ ತೊಂದ್ರೆ ಇದಕ್ಕೆ?"

"ಸ್ಟಾರ್ಟ್ ಆಗಲ್ಲ."

"ಆಗಿದೆಯಲ್ಲ."

ಅವನು ಇಳಿದ, ನಾನು ಹತ್ತಿ ಕೂತೆ. ಎಂಜಿನ್ ನಿಂತಿತು. ಪೈಲ್ವಾನ ಕೂತ, ಬಂತು. ನಾನು ಕೂತೆ, ಹೋಯಿತು. ಪಕ್ಕದ ಪಂಕ್ಚರ್ ಅಂಗಡಿಯವರು ಕೆಲಸ ಬಿಟ್ಟು ನೋಡಲು ಬಂದರು. ಎರಡನೆಯ ಸಲ ಹೋದಾಗಲೂ ಇದೇ ಆಟ. ಮೂರನೆಯ ಸಲ ಪೈಲ್ವಾನ ಕೂರುವ ಮೊದಲೇ ಕೈಮುಗಿದ. "ಸಾರ್, ಗಾಡೀಲಿ ಏನೂ ಇಲ್ಲ. ಇರೋದೆಲ್ಲ ನಿಮ್ಮಲ್ಲೇ" ಅಂದ. ಅವನು ಹೇಳಿದ್ದು ನನ್ನ ಕೈಗುಣದ ಬಗ್ಗೆ. ನನಗೂ ಹಾಗೆಯೇ ಕೇಳಿಸಿತು, ರೇಗಿಹೋಯಿತು. ನಿಮಗೆ ಇಷ್ಟು ಹೊತ್ತಿಗೆ ವಿಷಯ ತಿಳಿದುಹೋಗಿರುತ್ತದೆ. ನಾನಿನ್ನೂ ಪೆಟ್ರೋಲ್ ಬಂಕಿನವರನ್ನು ಅನುಮಾನಿಸುತ್ತಿದ್ದೆ.

ಅನುಮಾನಕ್ಕೆ ಆಧಾರಗಳೂ ಇದ್ದವು. ಹಿಂದಿನ ಸೀಟಿನಲ್ಲಿ ಹೆಂಡತಿ ಕೂತರೆ ಗಾಡಿ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಅವಳು ಇಳಿದು ತಳ್ಳಿದರೆ ಇಲ್ಲ. ಹೆಗಲಿಗೆ ಸಾಮಾನಿನ ಚೀಲವಿದ್ದ ದಿನ ಆಗುತ್ತಿತ್ತು, ಚೀಲವನ್ನು ಕೆಲಸದ ಜಾಗದಲ್ಲೇ ಬಿಟ್ಟುಬಂದ ದಿನ ಇಲ್ಲ. ಸಿಟ್ಟು ಬಂದು ಸೀಟಿನ ಮೇಲೆ ಧೊಪ್ಪನೆ ಕುಕ್ಕರಿಸಿದರೆ ಒಮ್ಮೊಮ್ಮೆ ಜೀವ ಬರುತ್ತಿತ್ತು. ಟ್ಯಾಂಕಿನಲ್ಲಿ ಕಸವಿದೆ, ಕುಲುಕಿದರೆ ದಾರಿ ಬಿಡುತ್ತದೆ ಎಂದು ನಾನು ತೀರ್ಮಾನಿಸಿದೆ. ಅಂದಿನಿಂದ ಬೆಳಗ್ಗೆ ಹೊರಡುವ ಮುನ್ನ ಸೀಟಿನ ಮೇಲೆ ನಾಲ್ಕು ಬಾರಿ ಎದ್ದು ಕೂತು ಕುಣಿಯುವುದು ನನ್ನ ನಿತ್ಯದ ಕೆಲಸವಾಯಿತು. ಮೇಲ್ಮನೆಯ ಅಜ್ಜಿ ಕಿಟಕಿ ತೆರೆದು, "ವ್ಯಾಯಾಮ ಒಳ್ಳೇದಪ್ಪ, ಬಿಡಬೇಡ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಮನೆಗೆ ಊಟಕ್ಕೆ ಬಂದಿದ್ದಾಗ ಫೋನ್ ಬಂತು. ನಾಲ್ಕು ಬೀದಿ ಆಚೆಯ ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು, ಒಳಗೆ ಮೂವರು ಹೆಂಗಸರು. ಗಾಡಿ ಹತ್ತಿಕೊಳ್ಳಲಿಲ್ಲ. ಕುಣಿದೆ, ಬೈದೆ, ಬೇಡಿಕೊಂಡೆ. ಕೊನೆಗೆ ಓಡಿದೆ. ಮೆಟ್ಟಿಲು ಹತ್ತಿ, ಮೋಟಾರಿನ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಒಂದಿಷ್ಟು ಇಳಿಸಿ, ಕೀಲಿ ತಿರುಗಿಸಿ ಬಾಗಿಲು ಬಿಡಿಸಿದ್ದು ನೆನಪಿದೆ. ಆಮೇಲೆ ಕಣ್ಣು ಕತ್ತಲೆ ಬಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದೆ. ಬಿಡುಗಡೆಯಾಗಿ ಬಂದ ಮೂವರೂ ನನ್ನನ್ನು ಸುತ್ತುವರಿದು ನೀರು ಕುಡಿಸಿದರು, ಒಬ್ಬರು ಫೈಲಿನಿಂದ ಗಾಳಿ ಬೀಸಿದರು, ಇನ್ನೊಬ್ಬರು "ಗಾಬರಿಯಾಗಬೇಡಿ" ಅಂದರು. ನನ್ನ ಮಾತನ್ನು ನನಗೇ ಹೇಳಿದರು. ಅವರಲ್ಲಿ ಒಬ್ಬರು ನನ್ನ ಹೆಂಡತಿಯ ಗಿರಾಕಿ. ಸಂಜೆ ನಾನು ಮನೆ ಸೇರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಸೇರಿತ್ತು.

ಬೈಯುತ್ತಾಳೆ ಎಂದು ಉತ್ತರಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು ಬೈಯಲಿಲ್ಲ.

"ಇನ್ಮೇಲೆ ನಾನು ಏನೂ ಹೇಳಲ್ಲ" ಅಂದಳು. "ಹೇಳಿ ಹೇಳಿ ಸಾಕಾಯ್ತು. ಭಾವನ ಮನೇಲಿ ಅಕ್ಕನೂ ಅವ್ರಿಗೆ ಹೇಳಿ ಹೇಳಿ ಸಾಕಾಗಿ ಒಂದಿನ ಸುಮ್ನಾದ್ರು. ನಾನು ಆಗ ಅವ್ರನ್ನ ಬೈದಿದ್ದೆ, ಯಾಕೆ ಸುಮ್ನಾದ್ರಿ ಅಂತ."

ಅಷ್ಟು ಹೇಳಿ ಹೊಲಿಗೆ ಮಿಷನ್ ಮುಂದೆ ಕೂತಳು. ಆ ಸದ್ದು ಕೇಳುತ್ತಾ ಒಳಕೋಣೆಯಲ್ಲಿ ಕೂತವನಿಗೆ ಊಟ ಸೇರಲಿಲ್ಲ. ಎದ್ದು ಹೋಗಿ "ನಾಳೆ ಹೋಗೋಣ" ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಎದ್ದು ಹೋಗಿ ಗಾಡಿಯ ವೈರುಗಳನ್ನು ಇನ್ನೊಮ್ಮೆ ಬಿಚ್ಚಿದೆ.

ಅದೇ ವಾರ ಒಂದು ಹೊಸ ಕಟ್ಟಡದ ಲಿಫ್ಟಿಗೆ ಭಾರದ ಪರೀಕ್ಷೆಯಿತ್ತು. ಲಿಫ್ಟಿಗೆ ಜನ ಹತ್ತುವ ಮೊದಲು ನಾವು ಅದರೊಳಗೆ ಇಪ್ಪತ್ತು ಕಿಲೋದ ಕಬ್ಬಿಣದ ಗಟ್ಟಿಗಳನ್ನು ಒಂದೊಂದಾಗಿ ಪೇರಿಸುತ್ತೇವೆ. ಮಿತಿ ದಾಟಿದ ಕೂಡಲೇ ಗಂಟೆ ಬಾರಿಸಬೇಕು. ಗಟ್ಟಿಗಳು ಯಾವತ್ತೂ ನಾಲ್ಕಾರು ಕಡಿಮೆ ಬೀಳುತ್ತವೆ. ಎಲ್ಲವನ್ನೂ ಹೊತ್ತು ತರುವವರು ಯಾರು? ಆದ್ದರಿಂದ ಉಳಿದ ಭಾರಕ್ಕೆ ನಮ್ಮವರೇ ಒಳಗೆ ನಿಲ್ಲುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಪ್ರತಿಯೊಬ್ಬನ ತೂಕವೂ ಎಲ್ಲರಿಗೂ ಬಾಯಿಪಾಠ. ನಾನು ಕೆಲಸಕ್ಕೆ ಸೇರಿದ ವರ್ಷ ತೂಗಿದಾಗ ಎಪ್ಪತ್ತೈದು ಇದ್ದೆ, ಅಂದಿನಿಂದ ನನ್ನ ಹೆಸರೇ ಅದು. "ಎಪ್ಪತ್ತೈದು, ಬಾ ಒಳಗೆ" ಅಂದರೆ ನಾನು ಹೋಗಿ ನಿಲ್ಲುತ್ತೇನೆ, ಗಂಟೆ ಬಾರಿಸುತ್ತದೆ, ಇಳಿದು ಬರುತ್ತೇನೆ. ಸ್ವಲ್ಪ ಹಮ್ಮಿನಿಂದಲೇ ಇಳಿಯುತ್ತೇನೆ.

ಅವತ್ತು ನನ್ನ ಜೊತೆ ಇದ್ದವನು ಡುಮ್ಮ. ನನಗಿಂತ ಕಿರಿಯ, ನನ್ನ ಕೈಕೆಳಗೆ ಕೆಲಸ ಕಲಿತವನು, ತೂಕದಲ್ಲಿ ಮಾತ್ರ ನನಗೆ ಗುರು. ಗಟ್ಟಿಗಳನ್ನು ಪೇರಿಸಿ, ಲೆಕ್ಕ ಹಾಕಿ, ಅವನು ಕೂಗಿದ. ನಾನು ಗತ್ತಿನಿಂದ ಒಳಗೆ ಹೋಗಿ ನಿಂತೆ.

ಗಂಟೆ ಬಾರಿಸಲಿಲ್ಲ.

"ಸ್ವಿಚ್ ಹೋಗಿದೆ" ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೊಸ ಲಿಫ್ಟಿನ ಅಡಿಗೆ ಇಳಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸರಿಯಾಗಿದ್ದ ಸ್ವಿಚ್ಚನ್ನು ಇನ್ನೇನು ತಿರುಗಿಸಿ ಕೆಡಿಸಬೇಕು, ಅಷ್ಟರಲ್ಲಿ ಡುಮ್ಮ ತಡೆದ.

"ಒಂದ್ನಿಮಿಷ ಅಣ್ಣ. ನಿನ್ನ ಜಾಗದಲ್ಲಿ ಕಬ್ಬಿಣ ಇಟ್ಟು ನೋಡೋಣ."

ಪಕ್ಕದ ಲಿಫ್ಟಿನ ಹತ್ತಿರ ಇದ್ದ ಗಟ್ಟಿಗಳನ್ನು ತಂದ. ಮೂರು ಇಟ್ಟ, ಇಲ್ಲ. ನಾಲ್ಕನೆಯದನ್ನು ಇಟ್ಟ ಕೂಡಲೇ ಗಂಟೆ ಖಣಖಣ ಹೊಡೆದುಕೊಂಡಿತು. ಕೈ ಒರೆಸಿಕೊಂಡು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ದಿನಾ ನೋಡುವವನು ಹಾಗೆ ನೋಡಿದ್ದು ಅದೇ ಮೊದಲು.

"ಅಣ್ಣ, ನೀನು ಎಷ್ಟು ತೂಕ?"

"ಎಪ್ಪತ್ತೈದು."

"ಯಾವ ಕಾಲದ್ದು?"

ಆ ಹೊತ್ತಿಗೆ ನನ್ನ ಮನಸ್ಸು ಲಿಫ್ಟಿನಲ್ಲಿ ಇರಲಿಲ್ಲ. ಒಂದು ಗಟ್ಟಿಯನ್ನು ಎತ್ತಿಕೊಂಡು ಕೆಳಗೆ ಅಂಗಳಕ್ಕೆ ಹೋದೆ. ಬೆಳಗ್ಗೆ ಹೇಗೋ ಸ್ಟಾರ್ಟ್ ಆಗಿ ಬಂದಿದ್ದ ಗಾಡಿಯ ಮೇಲೆ ಕೂತು, ಗಟ್ಟಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಗುಂಡಿ ಮುಟ್ಟಿದೆ. ಸ್ಟಾರ್ಟ್. ಗಟ್ಟಿಯನ್ನು ಡುಮ್ಮನ ಕೈಗೆ ಕೊಟ್ಟೆ, ಎಂಜಿನ್ ನಿಂತಿತು. ತಿರುಗಿ ತೆಗೆದುಕೊಂಡೆ, ಗುಂಡಿ ಮುಟ್ಟಿದೆ, ಸ್ಟಾರ್ಟ್. ಪ್ಲಗ್ಗು, ಟ್ಯಾಂಕು, ಕಾರ್ಬುರೇಟರು, ವೈರು, ಪೆಟ್ರೋಲ್ ಬಂಕಿನ ಬಡಪಾಯಿಗಳು, ಯಾರ ತಪ್ಪೂ ಇರಲಿಲ್ಲ. ನಾನು ಕಟ್ಟಿದ ಸ್ವಿಚ್ ನಾನು ಹೇಳಿಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ನನ್ನ ಗಾಡಿಯನ್ನು ಯಾವನೋ ತೆಳ್ಳಗಿನವನು ಒಯ್ಯದಂತೆ ಎರಡು ತಿಂಗಳಿನಿಂದ ಕಾಯುತ್ತಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ" ಎಂದು ಡುಮ್ಮ ನಗಲು ಶುರು ಮಾಡಿದ. ನಾನೂ ನಕ್ಕೆ. ನಗುತ್ತಾ ನಗುತ್ತಾ ಅವನೇ ಮೊದಲು ನಿಲ್ಲಿಸಿದ. "ಅಣ್ಣ, ಇಷ್ಟೊಂದು ಇಳಿದಿದ್ದೀಯಲ್ಲ. ಮನೇಲಿ ಅತ್ತಿಗೆ ನೋಡಿಲ್ವಾ?" ಅಂದ.

ನೋಡದೇ ಏನು. ಇಂಚುಪಟ್ಟಿ ಹಿಡಿದು ಅಳೆದು ಹೇಳಿದ್ದಳು.

ಉಳಿದ ಕೆಲಸವನ್ನು ಡುಮ್ಮನಿಗೆ ಬಿಟ್ಟು, ಗಟ್ಟಿಯನ್ನು ಚೀಲಕ್ಕೆ ಹಾಕಿ ಬೆನ್ನಿಗೇರಿಸಿಕೊಂಡು, ಗಾಡಿಯ ಮೇಲೆ ನೇರ ಅವಳ ಅಂಗಡಿಗೆ ಹೋದೆ. ದಾರಿಯಲ್ಲಿ ಒಂದು ಉಬ್ಬಿನಲ್ಲೂ ಬಿಕ್ಕಳಿಸಲಿಲ್ಲ. ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಗಾಡಿಯ ಸದ್ದಿಗೆ ತಲೆಯೆತ್ತಿದಳು.

"ಗಾಡಿ ಸರಿ ಹೋಯ್ತು ಕಣೆ" ಅಂದೆ.

"ಏನಾಗಿತ್ತು?"

"ಗಾಡಿಗೆ ಏನೂ ಆಗಿರ್ಲಿಲ್ಲ."

ಇಡೀ ದಾರಿ ಒಂದು ತಮಾಷೆಯ ಮಾತನ್ನು ಜೋಡಿಸಿಕೊಂಡು ಬಂದಿದ್ದೆ, ಅದನ್ನು ಬಿಟ್ಟೆ. ಚೀಲದಿಂದ ಕಬ್ಬಿಣ ತೆಗೆದು ಅವಳ ಮೇಜಿನ ಮೇಲೆ, ದಾರದ ಉಂಡೆಗಳ ನಡುವೆ ಇಟ್ಟೆ. "ಇಷ್ಟು ಕಮ್ಮಿ ಬೀಳ್ತಿದ್ದೀನಿ ನಾನು" ಅಂದೆ. ಅವಳಿಗೆ ಸ್ವಿಚ್ಚಿನ ಕತೆ ಗೊತ್ತಿತ್ತು, ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಕತ್ತರಿ ಕೆಳಗಿಟ್ಟು ಆ ಕಬ್ಬಿಣವನ್ನು ಎರಡೂ ಕೈಯಿಂದ ಎತ್ತಲು ನೋಡಿದಳು. ಸ್ವಲ್ಪ ಎತ್ತಿ ಮತ್ತೆ ಇಟ್ಟಳು. ಅವಳ ಕಣ್ಣು ತುಂಬಿತ್ತು. ಅಂಗಡಿಯ ಬಾಗಿಲು ಹಾಕಿದಳು, ಇಬ್ಬರೂ ನಡೆದುಕೊಂಡೇ ಕ್ಲಿನಿಕ್ಕಿಗೆ ಹೋದೆವು.

ಅಲ್ಲಿನ ನರ್ಸ್ ಬೆರಳು ಚುಚ್ಚಿ ಅಂಕಿ ನೋಡಿದರು, ಇನ್ನೊಮ್ಮೆ ಚುಚ್ಚಿದರು. ಡಾಕ್ಟರ್ ಹೆಚ್ಚು ಮಾತಾಡುವವರಲ್ಲ, ನಡುವಯಸ್ಸಿನ ಹೆಂಗಸು. ತೂಕ ನೋಡಿದರು, ಕಣ್ಣು ನೋಡಿದರು, ಆಮೇಲೆ ಶೂ ಬಿಚ್ಚಿ ಅಂದರು. ಬಲಗಾಲಿನ ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು, ಎಳೆದರೆ ಬಂತು. ಡಾಕ್ಟರ್ ಬಗ್ಗಿ ನೋಡಿ ಕೇಳಿದರು.

"ಈ ಗಾಯ ಯಾವಾಗಿನದು?"

"ಯಾವ ಗಾಯ?" ಅಂದೆ.

ಆ ಮಧ್ಯಾಹ್ನ ನಾಲ್ಕು ಬೀದಿ ಓಡಿದಾಗ ಶೂ ಕಚ್ಚಿರಬೇಕು. ನೋವೇ ಇರಲಿಲ್ಲ. ಡಾಕ್ಟರ್ ತೋರುಬೆರಳಿನಿಂದ ಅದರ ಸುತ್ತ ಒತ್ತಿ, "ಇಲ್ಲಿ ತಿಳಿಯುತ್ತಾ? ಇಲ್ಲಿ?" ಎಂದು ಕೇಳುತ್ತಾ ಹೋದರು. ನಾನು ಅವರ ಬೆರಳನ್ನು ಕಣ್ಣಿನಿಂದ ನೋಡಿ ನೋಡಿ "ಹೂಂ" ಅನ್ನುತ್ತಿದ್ದೆ. ಅದನ್ನು ಕಂಡುಹಿಡಿದು, ಕಣ್ಣು ಮುಚ್ಚಿಕೊಳ್ಳಿ ಅಂದರು. ಕಣ್ಣು ಮುಚ್ಚಿದ ಮೇಲೆ ನನಗೆ ಹೇಳಲು ಏನೂ ಸಿಗಲಿಲ್ಲ.

"ಈಗ ಬಂದ್ರಲ್ಲ, ಕಾಲು ಉಳಿಸ್ಕೋಬಹುದು. ಆದ್ರೆ ಇನ್ನು ಒಂದಿನಾನೂ ತಪ್ಪಿಸೋ ಹಾಗಿಲ್ಲ" ಎಂದು ಹೇಳಿ, ಡ್ರೆಸ್ಸಿಂಗಿಗೆ ಬೇಕಾದ್ದನ್ನು ತರಲು ಅವರು ಒಳಗೆ ಹೋದರು. ನಾವಿಬ್ಬರೇ ಉಳಿದೆವು. ನನ್ನ ಬರಿಗಾಲು ಸ್ಟೂಲಿನ ಮೇಲಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು. ಅಣ್ಣನ ಮನೆಯಲ್ಲಿ, ಅಣ್ಣನ ಮಂಚದ ಪಕ್ಕದಲ್ಲಿ, ಅಣ್ಣನನ್ನು ಮಣ್ಣು ಮಾಡಿದಾಗ ಕೂಡ ಬಾಯಿಗೆ ಬರದಿದ್ದ ಮಾತು ಆಗ ಬಂತು.

"ನನಗೆ ಭಯ ಆಗ್ತಿದೆ ಕಣೆ. ಮೊದಲಿಂದಾನೂ ಭಯ."

"ಗೊತ್ತು" ಅಂದಳು. "ಅದಕ್ಕೇ ತಾನೇ ನಿಮ್ಮ ಗಾಡಿ ರಿಪೇರಿ ಆಗ್ದೇ ಇದ್ದಿದ್ದು."